ಯಾರ ಬಾಯಾಗ ನಮ್ಮ ಹೆಸರು: ಬೀದರ ಸೀಮೆಯಲ್ಲಿ ಮತದಾರನ ಗುರುತಿನ ಚರಿತ್ರೆ

ಮತಗಟ್ಟೆಯ ಬಾಗಿಲಲ್ಲಿ ಗುರುತಿನ ಚೀಟಿ ತೋರಿಸಬೇಕೋ ಬೇಡವೋ? ಪಟ್ಟಣದ ಸುಶಿಕ್ಷಿತರಿಗೆ ಇದು ಪ್ರಶ್ನೆಯೇ ಅಲ್ಲ. ಬ್ಯಾಂಕಿನಾಗ ತೋರಿಸ್ತೀವಿ, ರೈಲಿನಾಗ ತೋರಿಸ್ತೀವಿ, ಇಲ್ಲಿ ತೋರಿಸಿದರ ಗಂಟೇನು ಹೋಗ್ತದ ಅಂತಾರೆ. ನಮ್ಮ ಕೇರಿ ಮತ್ತು ತಾಂಡಾಗಳಲ್ಲಿ ಈ ಪ್ರಶ್ನೆಗೆ ಬೇರೆಯೇ ಚರಿತ್ರೆ ಇದೆ. ‘ನೀ ಯಾರಂವ?’ ಎಂಬುದು ಊರ ಅಗಸಿಯಲ್ಲಿ, ಬಾವಿಯ ಕಟ್ಟೆಯಲ್ಲಿ, ಗುಡಿಯ ಮುಂದೆ, ಚಹಾದ ಹೋಟೆಲಿನಲ್ಲಿ ನಮ್ಮ ಹಿರಿಯರಿಗೆ ದಿನಾ ಎದುರಾದ ಪ್ರಶ್ನೆ. ಈ ಪ್ರಶ್ನೆಯನ್ನೇ ಕೇಳಬಾರದು ಎಂದ ಬಸವಣ್ಣನ ಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಅದ. ಎಂಟು ನೂರು ವರ್ಷ ಕಳೆದರೂ ಕೇಳುವುದು ನಿಂತಿಲ್ಲ. ಆದ್ದರಿಂದ ಚೀಟಿಯ ಚರಿತ್ರೆಯನ್ನು ಕೇರಿಯ ಕಡೆಯಿಂದ ಒಮ್ಮೆ ನೋಡಬೇಕಾಗಿದೆ.

ಮತ ನಮಗೆ ಯಾರೂ ಧರ್ಮಕ್ಕೆ ಕೊಟ್ಟದ್ದಲ್ಲ. ಬ್ರಿಟಿಷರ ಕಾಲದಲ್ಲಿ ಆಸ್ತಿ ಇದ್ದವನು, ತೆರಿಗೆ ಕಟ್ಟುವವನು, ಶಾಲೆ ಕಲಿತವನು ಮಾತ್ರ ಮತದಾರ. ಅಂದರೆ ಹೊಲದ ಪತ್ರವೇ ಆವತ್ತಿನ ಗುರುತಿನ ಚೀಟಿ. ಹೊಲವೇ ಇಲ್ಲದ ಜನ ಪತ್ರ ಎಲ್ಲಿಂದ ತರಬೇಕು? 1919ರಲ್ಲಿ ಸೌತ್‌ಬರೋ ಸಮಿತಿಯ ಮುಂದೆ ಅಸ್ಪೃಶ್ಯರ ಮತದ ಹಕ್ಕಿಗಾಗಿ ವಾದಿಸಿದ ಬಾಬಾಸಾಹೇಬ ಅಂಬೇಡ್ಕರರು 1928ರಲ್ಲಿ ಸೈಮನ್ ಆಯೋಗದ ಮುಂದೆ ವಯಸ್ಕರೆಲ್ಲರಿಗೂ ಮತ ಬೇಕೆಂದರು. ಆ ಬೇಡಿಕೆ 1950ರಲ್ಲಿ ಸಂವಿಧಾನದ 326ನೇ ವಿಧಿಯಾಗಿ ಜಾರಿಗೆ ಬಂತು. ಆ ವಿಧಿಯಲ್ಲಿ ಪೌರತ್ವ ಅದ, ವಯಸ್ಸು ಅದ. ಆಸ್ತಿಯ ಮಾತಿಲ್ಲ, ಅಕ್ಷರದ ಮಾತಿಲ್ಲ.

ನಮ್ಮ ಬೀದರಿಗೆ ಈ ಹಕ್ಕು ಬಂದದ್ದು ರಕ್ತದ ಹಾದಿಯಲ್ಲಿ. ನಿಜಾಮನ ಹೈದರಾಬಾದ್ ಸಂಸ್ಥಾನ 1948ರ ಸೆಪ್ಟೆಂಬರಿನಲ್ಲಿ ಭಾರತಕ್ಕೆ ಸೇರಿತು. ಮೊದಲು ರಜಾಕಾರರ ಹಾವಳಿ, ಪೊಲೀಸ್ ಕಾರ್ಯಾಚರಣೆಯಾದ ಮೇಲೆ ಮುಸಲ್ಮಾನರ ಕಗ್ಗೊಲೆ. ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ, ನಾಂದೇಡ ಎಂದು ಸುಂದರಲಾಲ್ ಸಮಿತಿ ಬರೆಯಿತು. ‘ನೀ ಯಾರಂವ’ ಎಂಬ ಪ್ರಶ್ನೆಗೆ ಕೊಟ್ಟ ಉತ್ತರವೇ ಪ್ರಾಣಕ್ಕೆ ಎರವಾದ ದಿನಗಳವು. ಅದಾಗಿ ನಾಲ್ಕು ವರ್ಷ ತುಂಬುವುದರೊಳಗೆ, 1952ರ ಮೊದಲ ಚುನಾವಣೆಯಲ್ಲಿ, ಹೊಲೆಯ, ಮಾದಿಗ, ಲಂಬಾಣಿ, ಮುಸಲ್ಮಾನ, ಪಾಟೀಲ ಎಲ್ಲರ ಹೆಸರೂ ಒಂದೇ ಪಟ್ಟಿಗೆ ಬಂದವು. ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಿಹ್ನೆ. ಓದಲು ಬಾರದವನೂ ರಾಜ್ಯ ಯಾರದೆಂದು ಹೇಳಬಹುದು ಎಂದಾಯಿತು.

ಆದರೆ ಆವತ್ತು ಚೀಟಿ ಇರಲಿಲ್ಲ. ಹಾಗಾದರೆ ಮತದಾರನನ್ನು ಗುರುತಿಸಿದವರು ಯಾರು?

ಮತಗಟ್ಟೆಯ ಅಧಿಕಾರಿ ಬೇರೆ ಊರಿನವನು. ಮತದಾರರನ್ನು ಗುರುತಿಸಲು ತನಗೆ ಸರಿ ಕಂಡವರ ನೆರವು ಪಡೆಯುವ ಅಧಿಕಾರ ಅವನಿಗುಂಟು. 1961ರ ಚುನಾವಣಾ ನಿಯಮಗಳಲ್ಲಿ ಅದು ಬರಹದಲ್ಲೇ ಇದೆ. ಊರು ಬಲ್ಲವರು ಯಾರು? ಮಾಲಿಪಾಟೀಲ, ಪೊಲೀಸ್ ಪಾಟೀಲ, ಪಟವಾರಿ. ಕಂದಾಯ ವಸೂಲಿ ಮಾಡಿದವರೂ ಅವರೇ, ಬಿಟ್ಟಿ ದುಡಿಸಿದವರೂ ಅವರೇ. ಪಾಟೀಲ ‘ಹೌದು’ ಅಂದರೆ ನೀನು ನೀನೇ. ಅವನು ತಲೆ ಅಲ್ಲಾಡಿಸಿದರೆ ನೀನು ಯಾರೂ ಅಲ್ಲ. ವಂಶಪಾರಂಪರ್ಯ ಗ್ರಾಮಾಧಿಕಾರವನ್ನು ತೆಗೆಯುವ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂತು. ಅಧಿಕಾರ ಕಾಗದದಿಂದ ಹೋಯಿತು, ಹೊಲದಿಂದ ಹೋಗಲಿಲ್ಲ. ಅದೇ ಮನೆತನದ ಹುಡುಗರು ಪಕ್ಷಗಳ ಏಜೆಂಟರಾಗಿ ಅದೇ ಬಾಗಿಲಲ್ಲಿ ಕುಂತರು.

ನಮ್ಮ ಮುತ್ಯಾಗಳು ಹೇಳುವ ಮಾತೊಂದಿದೆ. ಸಾಲಿನಲ್ಲಿ ನಿಂತು ಬಾಗಿಲಿಗೆ ಬರುವಷ್ಟರಲ್ಲಿ ಒಳಗಿಂದ ಒಂದು ದನಿ: ‘ನಿಂದು ಆಗ್ಲೇ ಬಿದ್ದದ, ಮನಿಗಿ ನಡಿ.’ ಇದಕ್ಕೆ ಕಾನೂನಿನಲ್ಲಿ ಮದ್ದಿಲ್ಲವೆ? ಇದೆ. ನಿನ್ನ ಹೆಸರಿನಲ್ಲಿ ಬೇರೆಯವನು ಮತ ಹಾಕಿ ಹೋಗಿದ್ದರೆ ನೀನು ಟೆಂಡರ್ ವೋಟ್ ಕೇಳಬಹುದು. ಆದರೆ ಅದು ಬೇರೆ ಲಕೋಟೆಗೆ ಹೋಗುತ್ತದೆ, ಸಾಮಾನ್ಯ ಎಣಿಕೆಗೆ ಬರುವುದಿಲ್ಲ. ಸುಳ್ಳು ಮತದಾರ ಬಂದನೆಂದು ಕಂಡರೆ ಏಜೆಂಟು ಎರಡು ರೂಪಾಯಿ ಕಟ್ಟಿ ಚಾಲೆಂಜ್ ಮಾಡಬಹುದು. ಪಾಟೀಲನ ಹೊಲದಲ್ಲಿ ನಾಳೆ ಕೂಲಿಗೆ ಹೋಗಬೇಕಾದವನು ಪಾಟೀಲನ ಮಗನಿಗೆ ಚಾಲೆಂಜ್ ಮಾಡುತ್ತಾನೆಯೆ? ಎರಡು ರೂಪಾಯಿ ದೊಡ್ಡದಲ್ಲ, ಮರುದಿನದ ಕೂಲಿ ದೊಡ್ಡದು.

ಕಳ್ಳಮತ ತಡೆಯಲು ಸರ್ಕಾರ ಹಿಡಿದ ಮೊದಲ ಉಪಾಯ ಶಾಯಿ. 1962ರ ಚುನಾವಣೆಯಿಂದ ಮೈಸೂರಿನ ಬಣ್ಣದ ಕಾರ್ಖಾನೆಯೇ ಇಡೀ ದೇಶಕ್ಕೆ ಈ ಅಳಿಸಲಾರದ ಶಾಯಿಯನ್ನು ಕಳಿಸುತ್ತ ಬಂದಿದೆ. ಶಾಯಿ ಯಾರ ಕಾಗದವನ್ನೂ ಕೇಳುವುದಿಲ್ಲ. ಸಾಹುಕಾರನ ಬೆರಳು, ಸಫಾಯಿ ಕರ್ಮಚಾರಿಯ ಬೆರಳು ಅದಕ್ಕೆ ಒಂದೇ. ಆದರೆ ಒಬ್ಬನೇ ಎರಡು ಸಲ ಬರುವುದನ್ನು ಶಾಯಿ ತಡೆದೀತೇ ಹೊರತು, ನನ್ನ ಹೆಸರಿನಲ್ಲಿ ಇನ್ನೊಬ್ಬ ಮೊದಲೇ ಬಂದು ಹೋಗುವುದನ್ನು ತಡೆಯಲಾರದು.

ಅದಕ್ಕೆ ಚೀಟಿ ಬಂತು. ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ, 1993ರಲ್ಲಿ, ಭಾವಚಿತ್ರದ ಗುರುತಿನ ಚೀಟಿಗೆ ಆದೇಶವಾಯಿತು. ಚೀಟಿ ಕೊಡದಿದ್ದರೆ 1995ರ ಜನವರಿಯಿಂದ ಚುನಾವಣೆಯೇ ಇಲ್ಲ ಎಂದರು ಶೇಷನ್. ಮಾತು ಸುಪ್ರೀಂ ಕೋರ್ಟಿಗೆ ಹೋಯಿತು, ಚುನಾವಣೆ ನಿಲ್ಲಲಿಲ್ಲ. ಈ ಚೀಟಿಯಿಂದ ನಮಗೆ ಲಾಭವಾಗಿದೆ, ಅದನ್ನು ಮುಚ್ಚಿಡಬೇಕಿಲ್ಲ. ಕೇರಿಯ ಎಷ್ಟೋ ಅವ್ವಂದಿರ ಮೊದಲ ಫೋಟೋ ಅದು. ಪಾಟೀಲನ ‘ಹೌದು’ ಇಲ್ಲದೆಯೂ ನಾನು ನಾನೇ ಎಂದು ಹೇಳುವ ಕಾಗದ ನಮ್ಮ ಕೈಗೆ ಬಂತು. ಚೀಟಿ ಬೇಡ ಎನ್ನುವ ಗೆಳೆಯರು ಮೊದಲು ಇದನ್ನು ತಿಳಿಯಬೇಕು: ಚೀಟಿ ಇಲ್ಲದ ಕಾಲ ನಮಗೆ ಸುವರ್ಣಯುಗವಾಗಿರಲಿಲ್ಲ.

ಆದರೆ ಚೀಟಿಯ ಮೇಲಿನ ಹೆಸರು ಯಾರು ಬರೆದದ್ದು?

ನಿಜಾಮನ ದಫ್ತರ ಉರ್ದುವಿನದು. ಭಾಲ್ಕಿ, ಔರಾದದ ಎಷ್ಟೋ ಮಕ್ಕಳು ಕಲಿತದ್ದು ಮರಾಠಿ ಶಾಲೆಯಲ್ಲಿ. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯನ್ನು ಹರಿದು ಹಂಚಿದರು. ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ. ಉಳಿದ ನಾವು ಮೈಸೂರಿಗೆ. ಅಂದಿನಿಂದ ದಫ್ತರ ಕನ್ನಡವಾಯಿತು, ಈಗಿನ ಆಧಾರ್ ಕಾರ್ಡಿನಲ್ಲಿ ಇಂಗ್ಲಿಷೂ ಇದೆ. ಒಂದೇ ಹೆಸರು ನಾಲ್ಕು ಲಿಪಿಯಲ್ಲಿ ತಿರುಗಿ ಬರುವಾಗ ಕಾಲು ಮುರಿದುಕೊಳ್ಳುತ್ತದೆ.

ಇದು ಬರೀ ಲಿಪಿಯ ಮಾತಲ್ಲ, ಜಾತಿಯ ಮಾತೂ ಹೌದು. ಪಟವಾರಿ ನಮ್ಮವರ ಹೆಸರನ್ನು ಊರು ಕರೆದಂತೆ ಬರೆದ: ಶರಣ್ಯಾ, ಮಾರ್ಯಾ, ದುರ್ಗಿ. ‘ಅಪ್ಪ’, ‘ಅಮ್ಮ’ ಎಂಬ ಬಾಲ ನಮ್ಮ ಹೆಸರಿಗೆ ಹತ್ತಬಾರದಿತ್ತು. ಶಾಲೆ ಕಲಿತ ಮಗ ಅಪ್ಪನ ಹೆಸರನ್ನು ಶರಣಪ್ಪ ಎಂದು ಬರೆಸಿದ. ಈಗ ಒಂದು ಕಾಗದದಲ್ಲಿ ಶರಣ್ಯಾ, ಇನ್ನೊಂದರಲ್ಲಿ ಶರಣಪ್ಪ. ಕಚೇರಿಯ ಗುಮಾಸ್ತ ಇದನ್ನು ‘ಹೆಸರು ತಾಳೆಯಿಲ್ಲ’ ಅನ್ನುತ್ತಾನೆ. ನಾವು ಅದನ್ನು ಸ್ವಾಭಿಮಾನದ ಚರಿತ್ರೆ ಅನ್ನುತ್ತೇವೆ. ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಮೊದಲ ಚುನಾವಣೆಯಲ್ಲಿ ದೇಶದ ಸುಮಾರು 8 ಕೋಟಿ ಮಹಿಳಾ ಮತದಾರರಲ್ಲಿ ಸುಮಾರು 28 ಲಕ್ಷ ಮಂದಿಯ ಹೆಸರು ಪಟ್ಟಿಯಿಂದ ಹೋಯಿತು. ‘ಇಂಥವನ ಹೆಂಡತಿ’, ‘ಇಂಥವನ ತಾಯಿ’ ಎಂದಷ್ಟೇ ಹೇಳಿದ್ದು, ಸ್ವಂತ ಹೆಸರು ಕೊಡದಿದ್ದುದು ಕಾರಣ. ಅವರಲ್ಲಿ ಹೆಚ್ಚಿನವರು ಉತ್ತರದ ರಾಜ್ಯಗಳವರು. ಆದರೆ ತವರಿನಲ್ಲೊಂದು, ಗಂಡನ ಮನೆಯಲ್ಲೊಂದು ಹೆಸರು ಹೊತ್ತ ನಮ್ಮ ಅಕ್ಕತಂಗಿಯರಿಗೆ ಈ ನೋವು ಹೊಸದಲ್ಲ.

ಚೀಟಿ ಇಲ್ಲದವರಿಗೆ ಬೇರೆ ದಾಖಲೆ ನಡೆಯುತ್ತದೆ ಎಂದು ಆಯೋಗ ಹೇಳುತ್ತ ಬಂದಿದೆ. ಒಳ್ಳೆಯದೇ. 2009ರ ಪಟ್ಟಿಯಲ್ಲಿ ಉದ್ಯೋಗ ಖಾತ್ರಿಯ ಕಾರ್ಡೂ ಇತ್ತು, ಫೋಟೋ ಇರುವ ಜಾತಿ ಪ್ರಮಾಣಪತ್ರವೂ ಇತ್ತು. ಜೊತೆಗೆ ಹೊಲದ ಪಟ್ಟಾ, ಬಂದೂಕಿನ ಲೈಸೆನ್ಸೂ ಇದ್ದವು! ಕೇರಿಯಲ್ಲಿ ಬಂದೂಕು ಯಾರ ಮನೆಯಲ್ಲಿ ಅದ, ಹೇಳ್ರಿ? 2024ರ ಪಟ್ಟಿಯಲ್ಲಿ 12 ದಾಖಲೆಗಳಿದ್ದವು: ಆಧಾರ್, ಉದ್ಯೋಗ ಖಾತ್ರಿ ಕಾರ್ಡ್, ಫೋಟೋ ಇರುವ ಪಾಸ್‌ಬುಕ್, ಪಾಸ್‌ಪೋರ್ಟ್, ಪ್ಯಾನ್ ಹೀಗೆ. ಜಾತಿ ಪ್ರಮಾಣಪತ್ರ ಬಿಟ್ಟುಹೋಗಿತ್ತು. ಮನೆಗೆ ತಂದುಕೊಡುವ ವೋಟರ್ ಸ್ಲಿಪ್ ಒಂದನ್ನೇ ತೋರಿಸಿ ಮತ ಹಾಕುವುದೂ 2019ರಿಂದ ನಿಂತಿತ್ತು. ಹೈದರಾಬಾದಿಗೆ, ಪುಣೆಗೆ ದುಡಿಯಲು ಹೋದ ಔರಾದದ ಕೂಲಿಗಾರ ಮತಕ್ಕಾಗಿ ಒಂದು ದಿನದ ಕೂಲಿ ಬಿಟ್ಟು ಊರಿಗೆ ಬರುತ್ತಾನೆ. ಕಾಗದ ಅಲ್ಲೇ ಕೆಲಸದ ಜಾಗದಲ್ಲಿ ಉಳಿದಿದ್ದರೆ ಬಂದ ದಾರಿಗೆ ಸುಂಕವಿಲ್ಲ.

ಇನ್ನೊಂದು ಮಾತು. ಬಾಗಿಲಲ್ಲಿ ಚೀಟಿ ಕೇಳುವವನನ್ನಷ್ಟೇ ನೋಡುತ್ತ ಕುಂತರೆ ಹಿತ್ತಲಿನ ಕಳ್ಳತನ ಕಾಣುವುದಿಲ್ಲ. ಚೀಟಿ ಕಿಸೆಯಲ್ಲಿದ್ದರೂ ಹೆಸರು ಪಟ್ಟಿಯಲ್ಲಿ ಇರದಿದ್ದರೆ ಮತವಿಲ್ಲ. ನಮ್ಮ ನೆರೆಯ ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಮತದಾರರ ಹೆಸರು ತೆಗೆಯಲು 6,018 ಅರ್ಜಿಗಳು ಆನ್‌ಲೈನಿನಲ್ಲಿ ಬಂದವು. ಪರಿಶೀಲಿಸಿದಾಗ 24 ಮಾತ್ರ ಸರಿ, 5,994 ತಪ್ಪು ಎಂದು ಗೊತ್ತಾಯಿತು. ಮತ ಕಳೆದುಕೊಳ್ಳಬೇಕಿದ್ದವರಿಗೆ ಅರ್ಜಿಯ ಸುದ್ದಿಯೇ ಇರಲಿಲ್ಲ. ಬಿಹಾರದಲ್ಲಿ 2025ರ ವಿಶೇಷ ಪರಿಷ್ಕರಣೆಯಲ್ಲಿ ಕರಡು ಪಟ್ಟಿಯಿಂದ ಹೊರಗುಳಿದ ಹೆಸರುಗಳು ಸುಮಾರು 65 ಲಕ್ಷ. ಆಧಾರನ್ನೂ ದಾಖಲೆಯಾಗಿ ಒಪ್ಪಿಕೊಳ್ಳಿ ಎಂದು ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಹೊರಗಿನ ಲೋಕವೂ ಇದನ್ನು ಕಂಡಿದೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕರಿಯರಿಗೆ ಮತವಿಲ್ಲ ಎಂದು ನೇರವಾಗಿ ಯಾರೂ ಬರೆಯಲಿಲ್ಲ. ತಲೆತೆರಿಗೆ ಕಟ್ಟು, ಅಕ್ಷರ ಪರೀಕ್ಷೆ ಪಾಸಾಗು ಎಂದರು, ಅಷ್ಟೇ. 1965ರ ಮತದ ಹಕ್ಕಿನ ಕಾಯ್ದೆ ಬರುವವರೆಗೆ ಕರಿಯರು ಬೀದಿಯಲ್ಲಿ ಹೋರಾಡಬೇಕಾಯಿತು. ಇಂಗ್ಲೆಂಡಿನಲ್ಲಿ 2023ರ ಮೇ ತಿಂಗಳ ಸ್ಥಳೀಯ ಚುನಾವಣೆಯಲ್ಲಿ ಮೊದಲ ಸಲ ಫೋಟೋ ಗುರುತು ಕಡ್ಡಾಯವಾಯಿತು. ಕನಿಷ್ಠ 14,000 ಜನ ಮತಗಟ್ಟೆಗೆ ಬಂದೂ ಮತ ಹಾಕದೆ ಹೋದರೆಂದು ಅಲ್ಲಿನ ಆಯೋಗವೇ ಲೆಕ್ಕ ಕೊಟ್ಟಿತು. ನಿಯಮ ಎಲ್ಲರಿಗೂ ಒಂದೇ ಇರುತ್ತದೆ. ಅದನ್ನು ದಾಟಲು ತೆರಬೇಕಾದ ಬೆಲೆ ಒಂದೇ ಇರುವುದಿಲ್ಲ.

ಹಾಗಾದರೆ ನಮ್ಮ ನಿಲುವೇನು? ಗುರುತು ಬೇಕು, ಆದರೆ ಗುರುತಿಸುವ ಹೊಣೆ ಸರ್ಕಾರದ್ದು. ಚೀಟಿಯನ್ನು ಕೇರಿಗೆ, ತಾಂಡಾಕ್ಕೆ, ಮನೆಯ ಹೊಸ್ತಿಲಿಗೆ ತಂದು ಕೊಡಲಿ. ಪಟ್ಟಿಯಲ್ಲಿ ಹೆಸರಿದ್ದು ಕೈಯಲ್ಲಿ ಕಾಗದವಿಲ್ಲದವನನ್ನು ಬರಿಗೈಯಲ್ಲಿ ಕಳಿಸಬಾರದು. ಪಟ್ಟಿಯಲ್ಲಿರುವ ಅವನ ಫೋಟೋ ನೋಡಿ, ಹೆಬ್ಬೆಟ್ಟು ಪಡೆದು ಮತ ಕೊಡುವ ದಾರಿಯಾಗಬೇಕು. ಯಾರ ಹೆಸರು ತೆಗೆಯಬೇಕೆಂದಿದ್ದಾರೋ ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ, ಕೇರಿಯ ನಡುವೆ ನಿಂತು, ಗಟ್ಟಿಯಾಗಿ ಓದಬೇಕು. ಊರಲ್ಲಿ ವಾಸವಿಲ್ಲವೆಂದು ಹೆಸರು ತೆಗೆಯುವ ಮೊದಲು ಆ ಮನುಷ್ಯನ ಮಾತು ಕೇಳಬೇಕೆಂದು 1950ರ ಪ್ರಜಾಪ್ರತಿನಿಧಿ ಕಾಯ್ದೆಯ 22ನೇ ಕಲಮೇ ಹೇಳುತ್ತದೆ.

ಕೊನೆಯ ಮಾತು ಮಾಸ್ತರರಿಗೆ. ಮನೆಮನೆಗೆ ಹೋಗಿ ಪಟ್ಟಿ ಬರೆಯುವವರಲ್ಲಿ ನೀವೂ ಇದ್ದೀರಿ. ಮತಗಟ್ಟೆಯ ಮೇಜಿನ ಹಿಂದೆ ಕುಂತು ಚೀಟಿ ಕೇಳುವವರಲ್ಲೂ ನೀವೇ ಇದ್ದೀರಿ. ಚೀಟಿಯಲ್ಲಿ ಅಕ್ಷರದ ತಪ್ಪಿದ್ದರೂ ಮನುಷ್ಯ ಅವನೇ ಎಂದು ಗೊತ್ತಾದರೆ ಆ ತಪ್ಪನ್ನು ಬಿಟ್ಟುಬಿಡಬೇಕೆಂದು ಆಯೋಗದ ಸೂಚನೆಯೇ ಇದೆ. ಅದನ್ನು ಓದಿಕೊಳ್ಳಿ, ಕೇರಿಯ ಹುಡುಗರಿಗೂ ಓದಿಸಿ. ಪಟವಾರಿ ಶರಣ್ಯಾ ಎಂದು ಬರೆದ ಪೆನ್ನು ಈಗ ನಿಮ್ಮ ಕೈಗೆ ಬಂದಿದೆ. ಶರಣಪ್ಪ ಎಂದು ಬರೆಯಿರಿ, ಒಳಗೆ ಬಿಡಿ.