ತೇಪೆಯನ್ನು ತಿರಸ್ಕರಿಸಿದ ಗಣಕಗಳು

2001ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಹೊರತಂದ ವಿಂಡೋಸ್ ಎಕ್ಸ್‌ಪಿಯನ್ನು ಬಳಸುತ್ತಿದ್ದವರಲ್ಲಿ ಅನೇಕರು, ಕಾಲಕಾಲಕ್ಕೆ ಒದಗುತ್ತಿದ್ದ ಅಪ್‌ಡೇಟುಗಳನ್ನು, ಅವು ಯಂತ್ರದ ವೇಗವನ್ನು ಕುಂದಿಸುವುವೆಂಬ ಶಂಕೆಯಿಂದಲೋ, ದೂರವಾಣಿ ತಂತಿಯ ಇಂಟರ್ನೆಟ್ಟಿನ ಮಂದಗತಿಗೆ ಬೇಸತ್ತೋ ಉಪೇಕ್ಷಿಸುತ್ತಿದ್ದರು. ಆ ಶಂಕೆ ಸರ್ವಥಾ ನಿರಾಧಾರವೆನ್ನಲಾಗದು. 2018ರಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷಗಳಿಗೆ ಹಾಕಿದ ತೇಪೆಗಳು ಹಳೆಯ ಯಂತ್ರಗಳನ್ನು ದಿಟವಾಗಿಯೇ ನಿಧಾನಗೊಳಿಸಿದುವು. ಅಪ್‌ಡೇಟನ್ನು ಬಿಟ್ಟಮಾತ್ರಕ್ಕೆ ಗಣಕವು ಜಡವಾಗುವುದೂ ಇಲ್ಲ.

ಆದರೆ 2003ರ ಜುಲೈಯಲ್ಲಿಯೇ ಪರಿಹಾರವು ಪ್ರಕಟವಾಗಿದ್ದರೂ ಅದನ್ನು ಅಳವಡಿಸಿಕೊಳ್ಳದಿದ್ದ ಗಣಕಗಳನ್ನು ಆಗಸ್ಟಿನಲ್ಲಿ ಬ್ಲಾಸ್ಟರ್ ಎಂಬ ಹುಳು ಹೊಕ್ಕಾಗ, ಪರದೆಯ ಮೇಲೆ ಸಣ್ಣದೊಂದು ಚೌಕಟ್ಟು ಮೂಡಿ, 60 ಸೆಕೆಂಡುಗಳನ್ನು ಒಂದೊಂದಾಗಿ ಇಳಿಸುತ್ತ, ಅರ್ಧ ಬರೆದ ಪತ್ರವನ್ನೂ ಲೆಕ್ಕಿಸದೆ ಯಂತ್ರವು ತಾನಾಗಿ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ವೇಗವನ್ನು ಕಾಯಹೊರಟವರಿಗೆ ಇದಕ್ಕಿಂತ ಮಿಗಿಲಾದ ವಿಡಂಬನೆ ಬೇಕೆ! ಇಂಥ ಹಾವಳಿಗಳಿಂದ ಎಚ್ಚೆತ್ತ ಸಂಸ್ಥೆಯು 2004ರ ಸರ್ವಿಸ್ ಪ್ಯಾಕ್ 2ರಲ್ಲಿ ಫೈರ್‌ವಾಲನ್ನು ಯಾರೂ ಕೇಳದೆಯೇ ಚಾಲನೆಯಲ್ಲಿರಿಸಿತು.

2014ರ ಏಪ್ರಿಲ್ 8ರಂದು ಎಕ್ಸ್‌ಪಿಯ ಸಾರ್ವಜನಿಕ ಪೋಷಣೆಯು ನಿಂತಿತು. ಆದರೂ 2017ರ ಮೇ ತಿಂಗಳಲ್ಲಿ, ವಾನ್ನಾಕ್ರೈ ಎಂಬ ಸುಲಿಗೆಯ ಹುಳು ಹಲವು ರಾಷ್ಟ್ರಗಳ ಗಣಕಗಳಿಗೆ ಬೀಗ ಜಡಿದಾಗ, ಮೈಕ್ರೋಸಾಫ್ಟ್ ಆ ವೃದ್ಧ ತಂತ್ರಾಂಶಕ್ಕೂ ಮತ್ತೊಂದು ತೇಪೆಯನ್ನು ಹೊಲಿಯಬೇಕಾಯಿತು.