ಪದ ಪರಿಚಯ: ಅಡ್ಜುವೆಂಟ್

ನೆರವಾಗುವುದೆಂಬ ಅರ್ಥವುಳ್ಳ ಲ್ಯಾಟಿನ್ ಧಾತುವಿನಿಂದ ಹುಟ್ಟಿದ ಈ ಶಬ್ದವನ್ನು, ಲಸಿಕೆಯೊಡನೆ ಬೆರೆತು ಅದರ ಪ್ರಭಾವವನ್ನು ವರ್ಧಿಸುವ ದ್ರವ್ಯಕ್ಕೆ ಹೆಸರಾಗಿ 1920ರ ದಶಕದಲ್ಲಿ ರೂಢಿಗೆ ತಂದವರು ಫ್ರಾನ್ಸಿನ ಪಶುವೈದ್ಯ ಗ್ಯಾಸ್ಟನ್ ರಾಮೋನರು. ಆಯುರ್ವೇದದ 'ಅನುಪಾನ' ಇದಕ್ಕೆ ಸಮೀಪವೆಂದು ತೋರಿದರೂ, ಅದು ಔಷಧದ ಜೊತೆಗೆ ಸೇವಿಸುವ ಜೇನು, ಹಾಲು ಮೊದಲಾದವುಗಳಿಗೆ ಸಲ್ಲುವ ಮಾತಾದುದರಿಂದ, 'ಸಹಾಯಕದ್ರವ್ಯ'ವೆಂಬುದೇ ನನಗೆ ಒಪ್ಪಿತವಾಗಿದೆ.

ಕದಡಿದ ನೀರನ್ನು ತಿಳಿಗೊಳಿಸಲು ನಮ್ಮವರು ಬಳಸುವ ಪಟಿಕವನ್ನೇ 1926ರಲ್ಲಿ ಇಂಗ್ಲೆಂಡಿನ ಅಲೆಕ್ಸಾಂಡರ್ ಗ್ಲೆನಿಯವರು ಡಿಫ್ತೀರಿಯಾದ ನಿರ್ವಿಷೀಕೃತ ವಿಷಕ್ಕೆ ಕೂಡಿಸಿ, ಪ್ರಯೋಗಪ್ರಾಣಿಗಳಲ್ಲಿ ಪ್ರತಿಕಾಯಗಳು ಅಧಿಕವಾಗಿ ಉತ್ಪನ್ನವಾಗುವುದನ್ನು ಕಂಡರು. ಇಂದು ಸಿಂಧನೂರು ಸೀಮೆಯ ಗೊರೇಬಾಳದ ಹಸುಗೂಸಿಗೆ 6, 10 ಮತ್ತು 14ನೆಯ ವಾರಗಳಲ್ಲಿ ಸಲ್ಲುವ ಪೆಂಟಾವೇಲೆಂಟ್ ಲಸಿಕೆಯಲ್ಲಿರುವುದೂ ಪಟಿಕದ ಬಂಧುವಾದ ಅಲ್ಯೂಮಿನಿಯಂ ಲವಣವೇ. ರೋಗಾಣುವಿನ ಅಂಶವು ಆ ಲವಣದ ಕಣಗಳಿಗೆ ಅಂಟಿಕೊಂಡು, ಚುಚ್ಚಿದೆಡೆಯಲ್ಲಿ ಅಲ್ಪ ಉರಿಯೂತವನ್ನುಂಟುಮಾಡಲು, ಅಲ್ಲಿಗೆ ಧಾವಿಸಿದ ರಕ್ಷಕಕೋಶಗಳು ಅದನ್ನು ನುಂಗಿ ಸಮೀಪದ ದುಗ್ಧಗ್ರಂಥಿಗೆ ಒಯ್ಯುತ್ತವೆ. ಆ ಗ್ರಂಥಿಯಲ್ಲಿ ಪ್ರತಿಕಾಯಗಳನ್ನು ಉತ್ಪಾದಿಸುವ 'ಬಿ' ಕೋಶಗಳು 'ಟಿ' ಕೋಶಗಳ ನೆರವಿನಿಂದ ವೃದ್ಧಿಹೊಂದಿ, ಪರಿವರ್ತನೆಗೊಳ್ಳುತ್ತ, ರೋಗಾಣುವಿನ ಅಂಶವನ್ನು ಹೆಚ್ಚು ಬಿಗಿಯಾಗಿ ಹಿಡಿಯಬಲ್ಲವೇ ಉಳಿಯುವಂತೆ ಆಯ್ಕೆಗೊಳ್ಳುತ್ತವೆ. ಎಳೆಗೂಸಿನ ತೋಳೋ ತೊಡೆಯೋ ಕೊಂಚ ಬಾತುದನ್ನು ಕಂಡು ಕಳವಳಪಡುವ ತಾಯಂದಿರಿಗೆ ಆ ಅಲ್ಪ ಉರಿಯೂತದ ಉದ್ದೇಶವನ್ನು ಯಾರಾದರೂ ಸಮಾಧಾನದಿಂದ ತಿಳಿಯಹೇಳಬೇಕು.

ಸಹಾಯಕದ್ರವ್ಯವು ಪ್ರತಿಕಾಯಗಳ ಪ್ರಮಾಣವನ್ನಲ್ಲದೆ ರಕ್ಷಣೆಯ ಬಗೆಯನ್ನೂ ನಿರ್ಧರಿಸಬಲ್ಲುದು. ಬರಿಯ ಅಲ್ಯೂಮಿನಿಯಂ ಲವಣವು ದೇಹವನ್ನು ಮುಖ್ಯವಾಗಿ ಪ್ರತಿಕಾಯೋತ್ಪತ್ತಿಯತ್ತ ಒಲಿಸಿದರೆ, 2021ರಲ್ಲಿ ನಮ್ಮ ದೇಶದಲ್ಲಿ ಬಳಕೆಗೆ ಬಂದ ಕೋವಿಡ್ ಲಸಿಕೆಯಾದ ಕೋವ್ಯಾಕ್ಸಿನ್ನಿನಲ್ಲಿ ಅದೇ ಲವಣಕ್ಕೆ ಅಂಟಿಸಿದ ಇನ್ನೊಂದು ಅಣುವು, ವೈರಸ್ಸಿನ ಆಗಮನವನ್ನು ಗುರುತಿಸುವ ಗ್ರಾಹಕಗಳನ್ನು ಎಚ್ಚರಿಸಿ, ಕೋಶಾಶ್ರಿತ ರಕ್ಷಣೆಯನ್ನೂ ಜೊತೆಗೆ ಪ್ರೇರಿಸುವಂತೆ ಯೋಜಿತವಾಗಿತ್ತು.