ಮತ್ತೆ ಹೆಜ್ಜೆ: ‘ಕದಮ್’ ಮೊಣಕಾಲು, ಜೈಪುರ ಪಾದ

ಮೊಣಕಾಲಿನ ಮೇಲ್ಭಾಗದಲ್ಲಿ ಕಾಲು ಕಳೆದುಕೊಂಡವರನ್ನು ಹೆಚ್ಚು ಕಾಡುವುದು, ಭಾರ ಬಿಟ್ಟಾಗ ಕೃತಕ ಮೊಣಕಾಲು ಹಠಾತ್ತನೆ ಮಡಚಿಕೊಂಡೀತೆಂಬ ಭಯ. ಬಾಗಿಲ ತಿರುಗಣಿಯಂತೆ ಒಂದೇ ಅಚ್ಚಿನ ಮೇಲೆ ಆಡುವ ಸರಳ ಕೀಲಿನಲ್ಲಿ ಈ ಭಯಕ್ಕೆ ಕಾರಣವೂ ಇದೆ. 2022ರಲ್ಲಿ ಮದ್ರಾಸ್ ಐಐಟಿಯು ಸೊಸೈಟಿ ಫಾರ್ ಬಯೋಮೆಡಿಕಲ್ ಟೆಕ್ನಾಲಜಿ ಹಾಗೂ ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಜೊತೆಗೂಡಿ ಹೊರತಂದ ‘ಕದಮ್’ ಮೊಣಕಾಲಿಗೆ ಅಚ್ಚು ಹಲವು. ಮಡಚಿದಂತೆಲ್ಲ ತಿರುಗುವ ಬಿಂದುವೇ ಜರುಗುತ್ತದೆ. ಹೆಜ್ಜೆ ಊರಿದಾಗ ಕೀಲು ಗಟ್ಟಿಯಾಗಿ ನಿಲ್ಲುತ್ತದೆ. ಕಾಲು ಮುಂದೆ ಬೀಸಿದಾಗ ಪಾದದ ತುದಿ ನೆಲಕ್ಕೆ ತಾಗದಂತೆ ಮೇಲೇಳುತ್ತದೆ. 160 ಡಿಗ್ರಿವರೆಗೂ ಮಡಚುವುದರಿಂದ ಬಸ್ಸಿನ ಇಕ್ಕಟ್ಟು ಸೀಟಿನಲ್ಲೂ ಕೂರಬಹುದು. ದೇವದುರ್ಗದಿಂದ ರಾಯಚೂರಿಗೆ ಬಂದುಹೋಗುವವರಿಗೆ ಇದು ಸಣ್ಣ ಮಾತಲ್ಲ.

ಜೈಪುರ ಪಾದದ ಕಥೆ ಇನ್ನೂ ಹಳೆಯದು. 1960ರ ದಶಕದ ಕೊನೆಗೆ ಜೈಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಠಿ ರೂಪಿಸಿದ ರಬ್ಬರ್ ಪಾದಕ್ಕೆ ಬೂಟು ಬೇಡ, ನೀರಿನ ಅಂಜಿಕೆಯಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಮಾನ್ವಿಯ ಭತ್ತದ ಗದ್ದೆಗಳಲ್ಲಿ ಕೆಲಸ ಮಾಡುವವರಿಗೆ ಒಪ್ಪುವ ಪಾದವದು.

ಕೃತಕ ಕಾಲು ತೊಡಿಸಿದ ದಿನವೇ ನಡಿಗೆ ಬರುವುದಿಲ್ಲ. ಮೊದಲು ಎರಡು ಸರಳುಗಳ ನಡುವೆ ನಿಂತು ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುವ ಅಭ್ಯಾಸ. ಆಮೇಲೆ ಕೋಲು, ಇಳಿಜಾರು, ಮೆಟ್ಟಿಲು.